ಕಲಬುರಗಿಯಲ್ಲಿ ಸ್ವಂತ ಮನೆ ಕೊಳ್ಳಬೇಕೇ: ಸಂಚಕಾರ ಕೊಡುವ ಮೊದಲಿನ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಮನೆ ತೋರಿಸುವುದಕ್ಕೂ ಒಂದು ಸುಗ್ಗಿ ಇದೆ. ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ದಿನಗಳಲ್ಲಿ, ಊರ ಹೊರಗೆ ತೊಗರಿ ಕಾಯಿಗಟ್ಟಿ ನಿಂತಿರುವಾಗ, ದಲ್ಲಾಳಿಗಳು ಬೆಳಿಗ್ಗೆ ಹತ್ತು ಗಂಟೆಗೆ ಗಿರಾಕಿಗಳನ್ನು ಕರೆದುಕೊಂಡು ಹೊರಡುತ್ತಾರೆ. ಆ ತಿಂಗಳಲ್ಲಿ, ಆ ಹೊತ್ತಿನಲ್ಲಿ ಈ ಊರಿನ ಯಾವ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ನಾನು ನನ್ನ ಮನೆಯನ್ನು ಮೊದಲು ನೋಡಿದ್ದು ಡಿಸೆಂಬರಿನ ಅಂಥದೊಂದು ಬೆಳಿಗ್ಗೆ. ರಿಜಿಸ್ಟ್ರಿ ಮುಗಿಸಿ ಏಪ್ರಿಲ್‌ನಲ್ಲಿ ಒಳಗೆ ಬಂದಾಗ ಕಾಂಪೌಂಡ್ ಗೋಡೆಯ ಬಿರುಕಿನೊಳಗೆ ಐದು ರೂಪಾಯಿಯ ನಾಣ್ಯ ಸಲೀಸಾಗಿ ಇಳಿಯಿತು. ಸೆಪ್ಟೆಂಬರಿನಲ್ಲಿ ಅದೇ ಬಿರುಕಿಗೆ ಬ್ಲೇಡು ಕೂಡ ತೂರುತ್ತಿರಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ, ಅಷ್ಟೇ.

ಈ ಬರಹದ ಒಟ್ಟು ವಾದ ಇದು: ಇಲ್ಲಿ ಮನೆಯ ನಿಜವಾದ ಬೆಲೆಯನ್ನು ನಿರ್ಧರಿಸುವುದು ಅದರ ಕೆಳಗಿನ ಮಣ್ಣು, ಅದರ ಮೇಲಿನ ಬಿಸಿಲು, ಅದಕ್ಕೆ ಬರುವ ನೀರು ಮತ್ತು ಅದರ ಹಿಂದಿನ ಕಾಗದಪತ್ರ. ಕೇಳುವ ದರದಲ್ಲಿ ಇವು ಯಾವುವೂ ಕಾಣಿಸುವುದಿಲ್ಲ. ಆದ್ದರಿಂದ ಮನೆಯನ್ನು ಅದರ ಅತ್ಯಂತ ಕೆಟ್ಟ ದಿನದಲ್ಲಿ ನೋಡದೆ ಕೊಳ್ಳಬಾರದು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ನಡೆಸಿದರೆ, ಬೇಡವಾದ ಮನೆಗೆ ವಕೀಲರ ಶುಲ್ಕ ಕೊಡುವ ಪ್ರಸಂಗ ಬರುವುದಿಲ್ಲ.

ಹಂತ 1: ಈ ಮನೆಯಲ್ಲಿ ಯಾರು, ಎಷ್ಟು ವರ್ಷ ಇರುತ್ತಾರೆ?

ಮೊದಲು ಒಂದು ಹಾಳೆಯ ಮೇಲೆ ಮುಂದಿನ ಹತ್ತು ವರ್ಷಗಳನ್ನು ಬರೆದು, ಪ್ರತಿ ವರ್ಷದ ಮುಂದೆ ಆ ಮನೆಯಲ್ಲಿ ಮಲಗುವವರ ಹೆಸರು ಬರೆಯಿರಿ. ಪಿಯುಸಿ ಮುಗಿದ ಮೇಲೆ ಮಕ್ಕಳು ಬೆಂಗಳೂರು, ಹೈದರಾಬಾದ್ ಅಥವಾ ಪುಣೆಯ ದಾರಿ ಹಿಡಿಯುವುದು ಈ ಭಾಗದ ಮನೆಮನೆಯ ಕಥೆ. ಮಗ ಏಳನೇ ತರಗತಿಯಲ್ಲಿದ್ದಾಗ ನಾಲ್ಕು ಕೋಣೆಯ ಮನೆ ಕೊಂಡವರು ಐದಾರು ವರ್ಷಗಳಲ್ಲಿ ಎರಡು ಕೋಣೆಗಳಿಗೆ ಬೀಗ ಹಾಕಿಕೊಂಡು, ಸಾಲದ ಕಂತನ್ನು ಮಾತ್ರ ಪೂರ್ತಿ ಕಟ್ಟುತ್ತಿರುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇನ್ನೊಂದೆಡೆ ಊರಿನಲ್ಲಿರುವ ತಂದೆತಾಯಿಗಳು ವಯಸ್ಸಾದ ಮೇಲೆ ಜೊತೆಗೆ ಬಂದು ಇರುವವರಾದರೆ, ನೆಲಮಹಡಿಯಲ್ಲಿ ಒಂದು ಮಲಗುವ ಕೋಣೆ ಮತ್ತು ಅದಕ್ಕೆ ತಾಗಿದ ಬಚ್ಚಲು ಇರಲೇಬೇಕು; ಮಂಡಿನೋವಿನ ಹಿರಿಯರಿಗೆ ಮಹಡಿಯ ಮೆಟ್ಟಿಲು ದಿನಕ್ಕೆ ನಾಲ್ಕು ಸಲದ ಶಿಕ್ಷೆಯಾಗುತ್ತದೆ.

ಸರ್ಕಾರಿ ನೌಕರರು ಇನ್ನೊಂದು ವಿಷಯವನ್ನು ಯೋಚಿಸಬೇಕು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಸ್ಥಳೀಯ ವೃಂದಕ್ಕೆ ಸೇರಿದವರು ಸಾಮಾನ್ಯವಾಗಿ ಕಲ್ಯಾಣ ಕರ್ನಾಟಕದೊಳಗೇ ಇರುತ್ತಾರೆಂಬುದು ನಿಜವಾದರೂ, ಕಲಬುರಗಿಯಿಂದ ಕೊಪ್ಪಳಕ್ಕೆ ವರ್ಗವಾದರೂ ಸಂಸಾರ ಎತ್ತಲೇಬೇಕಾಗುತ್ತದೆ. ಏಳು ವರ್ಷಕ್ಕಿಂತ ಕಡಿಮೆ ಇರುವ ಸಾಧ್ಯತೆ ಹೆಚ್ಚಾಗಿದ್ದರೆ ಬಾಡಿಗೆಯಲ್ಲೇ ಇರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಏಳು ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದು ಮುಂದಿನ ಲೆಕ್ಕದಲ್ಲಿ ತಿಳಿಯುತ್ತದೆ.

ಹಂತ 2: ಬಾಡಿಗೆ ಮತ್ತು ಕಂತಿನ ಲೆಕ್ಕ

"ಬಾಡಿಗಿ ಕೊಟ್ರ ರೊಕ್ಕ ಹೊಳ್ಯಾಗ ಹೋದಂಗ್ರಿ, ಕಂತು ಕಟ್ಟಿದ್ರ ಮನಿ ನಿಮ್ಮದಾಗ್ತದ" ಎಂಬ ಮಾತನ್ನು ದಲ್ಲಾಳಿಯಿಂದ ಮೊದಲ್ಗೊಂಡು ಬೀಗರವರೆಗೆ ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. 45 ಲಕ್ಷ ರೂಪಾಯಿಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದೇ ಮನೆ ತಿಂಗಳಿಗೆ 12,000 ರೂಪಾಯಿಗೆ ಬಾಡಿಗೆಗೆ ಸಿಗುತ್ತದೆಂದೂ, 15 ಲಕ್ಷ ಕೈಯಿಂದ ಹಾಕಿ 30 ಲಕ್ಷ ಸಾಲ ಮಾಡುತ್ತೀರೆಂದೂ ಇಟ್ಟುಕೊಳ್ಳೋಣ.

ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಇದರ ಕಂತು ತಿಂಗಳಿಗೆ ಸುಮಾರು 26,035 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 4,785 ರೂಪಾಯಿ ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ 62 ಲಕ್ಷವನ್ನು ದಾಟುತ್ತದೆ. ಇದರ ಮೇಲೆ ನೋಂದಣಿಯ ಖರ್ಚಿದೆ. ನಗರ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಶೇ 5.6 ಆಗುತ್ತದೆ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಒಟ್ಟು ಶೇ 7.6, ಅಂದರೆ 45 ಲಕ್ಷಕ್ಕೆ 3.42 ಲಕ್ಷ ರೂಪಾಯಿ. ಬ್ಯಾಂಕಿನವರು ಸಾಲದ ಮಿತಿಯನ್ನು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಈ ಮೊತ್ತವನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಇದನ್ನು ನಿಮ್ಮ ಉಳಿತಾಯದಿಂದಲೇ ತೆಗೆಯಬೇಕು, ಮತ್ತು ಮನೆ ಮಾರಿದಾಗ ಇದು ತಿರುಗಿ ಬರುವುದಿಲ್ಲ.

ಈಗ ನಿಮ್ಮ ಕೈಯಿಂದ ಹೋದದ್ದು 18.42 ಲಕ್ಷ. ಅದು ಠೇವಣಿಯಲ್ಲಿದ್ದು ಶೇ 6.5 ಬಡ್ಡಿ ತಂದಿದ್ದರೆ ತಿಂಗಳಿಗೆ ಸುಮಾರು 10,000 ರೂಪಾಯಿ ಬರುತ್ತಿತ್ತು. ಸಾಲದ ಬಡ್ಡಿ 21,250, ಕೈಬಿಟ್ಟ ಠೇವಣಿಯ ಬಡ್ಡಿ 10,000, ಆಸ್ತಿ ತೆರಿಗೆ ಮತ್ತು ದುರಸ್ತಿಗೆ 1,500 ಎಂದು ಹಿಡಿದರೆ ಸ್ವಂತ ಮನೆಯ ನಿಜವಾದ ತಿಂಗಳ ಖರ್ಚು 32,750 ರೂಪಾಯಿ ಆಯಿತು. ಬಾಡಿಗೆಯ 12,000ವನ್ನು ಕಳೆದರೆ ಉಳಿಯುವ ವ್ಯತ್ಯಾಸ ವರ್ಷಕ್ಕೆ ಸುಮಾರು 2.49 ಲಕ್ಷ. ಇದು ಮನೆಯ ಬೆಲೆಯ ಶೇ 5.5. ಆರಂಭದ ವರ್ಷಗಳಲ್ಲಿ ಮನೆಯ ಬೆಲೆ ವರ್ಷಕ್ಕೆ ಶೇ 5.5ರಷ್ಟು ಏರಿದರೆ ಮಾತ್ರ ನೀವು ಬಾಡಿಗೆದಾರನಿಗೆ ಸರಿಸಮ ನಿಂತಂತೆ. ವರ್ಷ ಕಳೆದಂತೆ ಬಾಡಿಗೆ ಏರುತ್ತದೆ, ಸಾಲದ ಬಡ್ಡಿಯ ಭಾಗ ಇಳಿಯುತ್ತದೆ, ನೋಂದಣಿಯ ಖರ್ಚು ಹೆಚ್ಚು ವರ್ಷಗಳ ಮೇಲೆ ಹಂಚಿಹೋಗುತ್ತದೆ. ಬೆಲೆ ಏರುವ ಬಗ್ಗೆ ನಾನು ಹಾಕಿದ ಸಾಧಾರಣ ಅಂದಾಜಿನಲ್ಲಿ ತಕ್ಕಡಿ ಕೊಳ್ಳುವವನ ಕಡೆಗೆ ವಾಲಲು ಏಳೆಂಟು ವರ್ಷ ಬೇಕಾಯಿತು. ನಿಮ್ಮ ಸಂಖ್ಯೆಗಳನ್ನು ಹಾಕಿ ನೀವೇ ಮಾಡಿ ನೋಡಿ.

ಮನೆಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ 2 ಲಕ್ಷದವರೆಗಿನ ರಿಯಾಯಿತಿ ಸ್ವಂತ ವಾಸದ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಹೊಸ ಪದ್ಧತಿಗೆ ಬಂದವರು "ಟ್ಯಾಕ್ಸ್ ಉಳಿತದ" ಎಂಬ ಮಾತಿಗೆ ಕಿವಿಗೊಡಬೇಕಾಗಿಲ್ಲ. ಬದಲಾಗುವ ಬಡ್ಡಿದರದ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲವಾದ್ದರಿಂದ, ವರ್ಷಕ್ಕೊಮ್ಮೆ ಕೈಗೆ ಬಂದ ಹೆಚ್ಚಿನ ಹಣವನ್ನು ಅಸಲಿಗೆ ಕಟ್ಟುವ ರೂಢಿ ಒಳ್ಳೆಯದು. ಲೆಕ್ಕ ಬಾಡಿಗೆಯ ಕಡೆಗೇ ತೂಗಿದರೂ ಸ್ವಂತ ಸೂರಿನ ನೆಮ್ಮದಿಗಾಗಿ ಕೊಳ್ಳುವುದು ತಪ್ಪಲ್ಲ. ಆ ನೆಮ್ಮದಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೇವೆಂಬುದು ಮಾತ್ರ ಗೊತ್ತಿರಬೇಕು.

ಹಂತ 3: ಬಡಾವಣೆಯ ಆಯ್ಕೆ

ಇದನ್ನು ಜನ ಅತಿ ಹೆಚ್ಚು ಚರ್ಚಿಸುತ್ತಾರೆ, ಆದರೆ ಇದರಲ್ಲಿ ಅಷ್ಟೇನೂ ಗೂಢವಿಲ್ಲ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ ಯಾವುದಾದರೂ ಇರಲಿ, ಮಕ್ಕಳ ಶಾಲೆ, ನಿಮ್ಮ ಕಚೇರಿ ಮತ್ತು ರಾತ್ರಿ ಹೊತ್ತಿನ ಆಸ್ಪತ್ರೆ ಈ ಮೂರರ ದಾರಿಯನ್ನು ಬೆಳಿಗ್ಗೆ ಒಂಬತ್ತೂವರೆಗೆ ಒಮ್ಮೆ ಬೈಕಿನಲ್ಲಿ ಹೋಗಿ ನೋಡಿದರೆ ಸಾಕು. ಮುಂದೆ ಬರಲಿರುವುದನ್ನು ತೋರಿಸಿ ಕೇಳುವ ದರಕ್ಕೆ ಮಾತ್ರ ಎಚ್ಚರವಿರಲಿ. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಆರಂಭವಾಗುವ ಮುಂಚಿನಿಂದಲೂ ಆ ದಿಕ್ಕಿನ ಹೊಲಗಳು ಪ್ಲಾಟುಗಳಾಗುತ್ತಿದ್ದವು. 2023ರಲ್ಲಿ ಜವಳಿ ಪಾರ್ಕ್ ಘೋಷಣೆಯಾದ ಮೇಲೆ ಇನ್ನೊಂದು ದಿಕ್ಕು ಚಿಗುರಿತು. ಪ್ಲಾಟು ಹಾಕಿ ಹಣ ಬೆಳೆಸುವವರ ಲೆಕ್ಕ ಬೇರೆ. ಸಂಸಾರ ಹೂಡುವವರಿಗೆ ಇವತ್ತು ಬೀದಿದೀಪ, ಚರಂಡಿ ಮತ್ತು ಅಕ್ಕಪಕ್ಕದಲ್ಲಿ ಹತ್ತು ಮನೆಯಾದರೂ ಇರುವ ಜಾಗ ಬೇಕು.

ಹಂತ 4: ಮಣ್ಣು ಮತ್ತು ಪಾಯ

ಈ ಊರಿನಲ್ಲಿ ಮನೆ ಕೊಳ್ಳುವವರು ವಾಸ್ತು ತಜ್ಞರನ್ನು ಕರೆತರುತ್ತಾರೆ, ಮಣ್ಣು ನೋಡುವವರನ್ನು ಕರೆತರುವುದಿಲ್ಲ. ತೊಗರಿಗೆ ಹೆಸರಾದ ಎರೆಮಣ್ಣು ಮನೆಗೆ ಒಳ್ಳೆಯ ನೆಲವಲ್ಲ. ಅದರಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿಬಿಟ್ಟ ನೆಲವೇ ಉತ್ತರಿ, ಹಸ್ತ ಮಳೆಯ ಹೊತ್ತಿಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಪಾಯ ಆಳವಿಲ್ಲದ ಮನೆಯನ್ನು ಈ ನೆಲ ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ, ಅದೂ ಎಲ್ಲ ಮೂಲೆಗಳಲ್ಲಿ ಒಂದೇ ಸಮನಾಗಿ ಅಲ್ಲ. ಹೊರಗೋಡೆಯ ಬುಡ ಮಳೆಗೆ ನೆನೆದಾಗ ಮನೆಯ ನಡುವಿನ ನೆಲ ಇನ್ನೂ ಒಣಗಿಯೇ ಇರುತ್ತದೆ. ಬಿರುಕು ಹುಟ್ಟುವುದು ಈ ವ್ಯತ್ಯಾಸದಿಂದ.

ಆದ್ದರಿಂದ ಮನೆಯ ಮಾಲೀಕರನ್ನು ಮೊದಲು ಕೇಳಬೇಕಾದ ಪ್ರಶ್ನೆ: "ಪಾಯ ಎಷ್ಟು ಅಗೆಸೀರಿ, ಕೆಳಗ ಏನು ಹತ್ತಿತ್ತು?" ಕಟ್ಟಿದ ಗೌಂಡಿ ಸಿಕ್ಕರೆ ಅವನನ್ನೇ ಕೇಳುವುದು ಇನ್ನೂ ಒಳ್ಳೆಯದು. ಎರೆಮಣ್ಣಿನ ಪದರ ತೆಳುವಾಗಿದ್ದು, ಅದನ್ನು ಪೂರ್ತಿ ತೆಗೆದು ಗಟ್ಟಿ ಮುರುಮು ಅಥವಾ ಕಲ್ಲಿನ ಮೇಲೆ ಪಾಯ ಕೂಡಿಸಿದ್ದರೆ ಚಿಂತೆಯಿಲ್ಲ. ಪದರ ಆಳವಾಗಿದ್ದಲ್ಲಿ, ಮಳೆ ಬಿಸಿಲಿಗೆ ಮಣ್ಣಿನ ತೇವ ಏರಿಳಿಯದ ಆಳದವರೆಗೆ, ಅಂದರೆ ಸುಮಾರು 3.5 ಮೀಟರ್ ಕೆಳಗೆ ಕಂಬ ಇಳಿಸಿ, ಕಂಬದ ಬುಡವನ್ನು ಗಡಿಗೆಯಂತೆ ಅಗಲಿಸುವ 'ಅಂಡರ್‌ರೀಮ್ಡ್ ಪೈಲ್' ಪದ್ಧತಿ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ ಪದ್ಧತಿ ಇದು. ಇದೇನೂ ಇಲ್ಲದೆ ಮೂರು ಅಡಿಯ ಕಲ್ಲುಪಾಯದ ಮೇಲೆ ಎದ್ದ ಮನೆಗೆ ಬಣ್ಣ ಎಷ್ಟೇ ಚೆಂದವಿರಲಿ, ದರದಲ್ಲಿ ದೊಡ್ಡ ಇಳಿಕೆಯಾಗದೆ ಕೈಹಾಕಬಾರದು.

ಮಾತನ್ನು ನಂಬಲಾಗದಿದ್ದರೆ ಗೋಡೆಯನ್ನೇ ಓದಬಹುದು. ಗಿಲಾಯಿಯ ಮೇಲೆ ಕೂದಲೆಳೆಯಂಥ ಗೀರುಗಳು, ತೊಲೆಗೂ ಗೋಡೆಗೂ ನಡುವೆ ಅಡ್ಡಲಾಗಿ ಹೋದ ಸಣ್ಣ ಗೆರೆ ಸಾಮಾನ್ಯವಾಗಿ ಅಂಜುವಂಥವಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಮೇಲಕ್ಕೆ ಹೋಗುತ್ತ ಅಗಲವಾಗುವ ಬಿರುಕು, ಇಟ್ಟಿಗೆಯ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು, ಗೋಡೆಯಿಂದ ಬಿಟ್ಟುಕೊಂಡ ಪಾವಟಿಗೆ, ನೆಲದ ಅಂಚಿನಲ್ಲಿ ಎದ್ದು ನಿಂತ ಫರಸಿಕಲ್ಲು ಇವು ನೆಲ ಅಲುಗುತ್ತಿರುವುದರ ಗುರುತು. ಎಲ್ಲ ಬಾಗಿಲುಗಳನ್ನೂ ತೆರೆದು ಮುಚ್ಚಿ ನೋಡಿ. ಬಾಗಿಲಿನ ಮೇಲಂಚನ್ನು ಉಜ್ಜಿ ಸವೆಸಿದ್ದರೆ ಅದು ಮಳೆಗಾಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಂದು ತಿಳಿಯಿರಿ. ಕಟ್ಟಿ ನಾಲ್ಕೈದು ವರ್ಷವಾದ ಮನೆಗೆ ಮಾರುವ ಮುನ್ನ ಒಂದೇ ಗೋಡೆಗೆ ಹೊಸ ಪುಟ್ಟಿ, ಹೊಸ ಬಣ್ಣ ಬಳಿದಿದ್ದರೆ ಆ ಗೋಡೆಯ ಹಿಂಭಾಗವನ್ನು ಹೊರಗಿನಿಂದ ನೋಡುವುದು ಮರೆಯಬಾರದು. ನೀರಿನ ಸಂಪು ಗೋಡೆಗೆ ತೀರ ಹತ್ತಿರವಿದ್ದು ಸೋರುತ್ತಿದ್ದರೆ, ಮಾಳಿಗೆಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಒಳ್ಳೆಯ ಪಾಯವೂ ಕೆಡುತ್ತದೆ. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಇರುವುದು ಈ ಕಾರಣಕ್ಕೆ ದೊಡ್ಡ ಗುಣ.

ಶಹಾಬಜಾರ್, ಬ್ರಹ್ಮಪುರದಂಥ ಹಳೆಯ ಭಾಗದ ಕಲ್ಲಿನ ಮಾಳಿಗೆ ಮನೆಗಳ ಬಗ್ಗೆ ನನಗೆ ಪ್ರೀತಿಯಿದೆ. ಅವುಗಳ ದಪ್ಪ ಗೋಡೆಯೊಳಗೆ ಮೇ ತಿಂಗಳ ಮಧ್ಯಾಹ್ನವೂ ಕಳೆಯುತ್ತದೆ. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಆಳಂದದ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಹೆಚ್ಚು ಜನರನ್ನು ಬಲಿತೆಗೆದುಕೊಂಡದ್ದು ಮಣ್ಣಿನ ಗಾರೆಯಲ್ಲಿ ಕಲ್ಲು ಪೇರಿಸಿ ಮೇಲೆ ಭಾರದ ಮಾಳಿಗೆ ಹೊರಿಸಿದ ಇಂಥ ಮನೆಗಳೇ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದ್ದು ಎಲ್ಲರಿಗೂ ನೆನಪಿದೆ. ಹಳೆಯ ಕಲ್ಲುಮನೆಯನ್ನು ಕೊಳ್ಳುವುದಾದರೆ ರಚನಾ ಎಂಜಿನಿಯರ್ ಒಬ್ಬರ ಲಿಖಿತ ವರದಿ ಇಲ್ಲದೆ ಮುಂದುವರಿಯಬಾರದು.

ಹಂತ 5: ಬಿಸಿಲು

ಮಾರುವವರು ಮಧ್ಯಾಹ್ನ ಕರೆದಾಗ ಅಲ್ಲ, ರಾತ್ರಿ ಹತ್ತು ಗಂಟೆಗೆ ಹೋಗಬೇಕು. ಐದು ಇಂಚಿನ ಸ್ಲ್ಯಾಬ್ ದಿನವಿಡೀ ಕುಡಿದ ಕಾವನ್ನು ಕೆಲವು ತಾಸುಗಳ ನಂತರ ಕೋಣೆಯೊಳಗೆ ಬಿಡತೊಡಗುತ್ತದೆ. ಆದ್ದರಿಂದ ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಒಳಗೆ ಮೇಲಿನ ಕೋಣೆ ಭಟ್ಟಿಯಾಗಿರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹೋಗಿ, ಫ್ಯಾನು ಹಚ್ಚದೆ, ಮೇಲಿನ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ಐದು ನಿಮಿಷ ನಿಲ್ಲಿ. ನಾನು ನೋಡಿ ಬಿಟ್ಟುಬಂದ ಇನ್ನೊಂದು ಮನೆಯ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ಕೇಳದಿದ್ದರೂ, ಕಟ್ಟೆಯ ಮೇಲೆ ಕೂತೇ ಹೇಳಿದರು: "ತಮ್ಮಾ, ಬ್ಯಾಸಗ್ಯಾಗ ಅವ್ರು ಆ ಮ್ಯಾಲಿನ ಖೋಲ್ಯಾಗ ಮಲಗಂಗಿಲ್ಲ ನೋಡಪ್ಪ. ಅಂಗಳದಾಗ ಹೊರಸು ಹಾಕ್ಕೊಂತಾರ." ಆ ಮನೆಯ ಜಾಹೀರಾತಿನಲ್ಲಿ ಅದೇ ಕೋಣೆಯನ್ನು 'ಮಾಸ್ಟರ್ ಬೆಡ್‌ರೂಮ್' ಎಂದು ಬರೆದಿತ್ತು.

ದಿಕ್ಕಿನ ವಿಷಯದಲ್ಲಿ ಒಂದು ತಿದ್ದುಪಡಿ ಅಗತ್ಯ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲವೆಂದು ಅನೇಕರು ನಂಬಿದ್ದಾರೆ. ಕಲಬುರಗಿ ಇರುವುದು ಉತ್ತರ ಅಕ್ಷಾಂಶ 17.3 ಡಿಗ್ರಿಯ ಆಸುಪಾಸಿನಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಮುಳುಗುವುದೂ ವಾಯವ್ಯದ ಕಡೆಗೆ ಸರಿದು. ಹೀಗಾಗಿ ಅತಿ ಬೇಗೆಯ ದಿನಗಳಲ್ಲಿ ಸುಡುವವು ಪಶ್ಚಿಮ ಮತ್ತು ವಾಯವ್ಯದ ಗೋಡೆಗಳು. ದಕ್ಷಿಣದ ಕಿಟಕಿಗೆ ಎರಡು ಅಡಿಯ ಚಜ್ಜಾ ಸಾಕು, ಏಕೆಂದರೆ ಅಲ್ಲಿ ಬಿಸಿಲು ಎತ್ತರದಿಂದ ಬರುತ್ತದೆ. ಪಶ್ಚಿಮದಲ್ಲಿ ಅದು ಅಡ್ಡಡ್ಡ ಬರುವುದರಿಂದ ಯಾವ ಚಜ್ಜಾವೂ ತಡೆಯಲಾರದು. ಒಳ್ಳೆಯ ನಕಾಶೆಯಲ್ಲಿ ಪಶ್ಚಿಮಕ್ಕೆ ಪಾವಟಿಗೆ, ಬಚ್ಚಲು, ಸಾಮಾನು ಕೋಣೆ ಇರುತ್ತವೆ. ವಾಸ್ತು ತಜ್ಞರು ತರುವ ದಿಕ್ಸೂಚಿಯಲ್ಲೇ ಇದನ್ನೂ ನೋಡಿಕೊಳ್ಳಬಹುದು.

ಮಾಳಿಗೆಯ ಮೇಲೆ ಬಿಳಿ ಚೂರು ಹೆಂಚು ಅಥವಾ ದಪ್ಪನೆಯ ಬಿಳಿ ಲೇಪ ಇದೆಯೇ ನೋಡಿ. ಇಲ್ಲದಿದ್ದರೆ ಅದರ ಖರ್ಚನ್ನು ನಿಮ್ಮ ಪಟ್ಟಿಗೆ ಸೇರಿಸಿ, ಏಕೆಂದರೆ ಬೇಗೆ ತಗ್ಗಿಸಲು ಅದಕ್ಕಿಂತ ಅಗ್ಗದ ಉಪಾಯ ಇಲ್ಲ. ಪಶ್ಚಿಮಕ್ಕೆ ಬೇವಿನ ಮರ ಬೆಳೆಸುತ್ತೇವೆ ಎನ್ನುವವರು ಹಿಂದಿನ ಹಂತವನ್ನು ನೆನಪಿಡಬೇಕು. ಮರ ಬೇಸಿಗೆಯಲ್ಲಿ ಎರೆಮಣ್ಣಿನ ತೇವವನ್ನು ಹೀರಿ ಪಾಯದ ಬಳಿ ನೆಲವನ್ನು ಇನ್ನಷ್ಟು ಕುಗ್ಗಿಸುತ್ತದೆ. ಆ ಮರ ಬೆಳೆದು ನಿಲ್ಲುವ ಎತ್ತರದಷ್ಟಾದರೂ ದೂರ ಬೇಕು. 30×40ರ ಪ್ಲಾಟಿನಲ್ಲಿ ಅಷ್ಟು ಜಾಗ ಇರುವುದಿಲ್ಲವಾದ್ದರಿಂದ ಬಳ್ಳಿ ಹಬ್ಬಿಸುವುದೇ ವಾಸಿ.

ಫ್ಲ್ಯಾಟ್ ನೋಡುವವರಿಗೆ ಒಂದು ಮಾತು: ಕೊನೆಯ ಮಹಡಿಯ ಫ್ಲ್ಯಾಟ್ ಅಗ್ಗಕ್ಕೆ ಸಿಕ್ಕರೆ ಉಳಿದ ಹಣದಲ್ಲಿ ಜೆಸ್ಕಾಂ (ಇಲ್ಲಿಯ ವಿದ್ಯುತ್ ಕಂಪನಿ) ಬಿಲ್ಲು ಎಷ್ಟು ವರ್ಷ ಕಟ್ಟಬಹುದೆಂದು ಲೆಕ್ಕ ಹಾಕಿ.

ಹಂತ 6: ನೀರು

ಇಲ್ಲಿಯ ಬೇಸಿಗೆ ಒಣ ಬೇಸಿಗೆ. ಅದಕ್ಕೇ ಮೇ ತಿಂಗಳಲ್ಲಿ ಎಸಿಗಿಂತ ಅಗ್ಗದ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆ ಹಿಡಿದ ಮೇಲೆ ಅದೇ ಕೂಲರ್ ಬರೀ ಜಿಗುಟು ಗಾಳಿ ಬೀಸುತ್ತದೆ. ಆದರೆ ಕೂಲರ್ ದಿನಕ್ಕೆ ಹತ್ತಾರು ಲೀಟರ್ ನೀರು ಕೇಳುವುದು ಸರಿಯಾಗಿ ನಳದ ನೀರು ಕೈಕೊಡುವ ತಿಂಗಳಲ್ಲೇ. ನಗರಕ್ಕೆ ನೀರು ಬರುವುದು ಮುಖ್ಯವಾಗಿ ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾದಿಂದ. ಬಡಾವಣೆಯಿಂದ ಬಡಾವಣೆಗೆ ಸರದಿ ಬೇರೆ. "ನಳ ಎಷ್ಟು ದಿನಕ್ಕೊಮ್ಮಿ ಬರ್ತದ?" ಎಂದು ಮಾಲೀಕರನ್ನು ಕೇಳುವ ಬದಲು ಆ ಓಣಿಗೆ ಟ್ಯಾಂಕರ್ ತರುವವನನ್ನು ಕೇಳಿ. ಅವನಿಗೆ ಯಾವ ಮನೆಯ ಬೋರ್ ಯಾವ ತಿಂಗಳು ಬತ್ತುತ್ತದೆಂಬುದೂ ಗೊತ್ತಿರುತ್ತದೆ.

ಸಂಪಿನ ಅಳತೆಗೆ ಸುಲಭ ಲೆಕ್ಕವಿದೆ. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ಐದು ಜನರ ಸಂಸಾರಕ್ಕೆ 675 ಲೀಟರ್. ನಳ ಐದು ದಿನಕ್ಕೊಮ್ಮೆ ಬಂದರೆ 3,375 ಲೀಟರ್, ಒಂದು ಸರದಿ ತಪ್ಪಿದರೆ ಅದರ ಎರಡರಷ್ಟು. ಐದು ಸಾವಿರ ಲೀಟರಿಗಿಂತ ಚಿಕ್ಕ ಸಂಪು ಇರುವ ಮನೆ ಬೇಸಿಗೆಯಲ್ಲಿ ಟ್ಯಾಂಕರಿನ ಕೈಗೊಂಬೆಯಾಗುತ್ತದೆ. ಬೋರಿನ ನೀರು ಗಡಸಾಗಿದೆಯೇ ಎಂದು ತಿಳಿಯಲು ಬಚ್ಚಲಿನ ನಲ್ಲಿಯ ಬಾಯಿ ಮತ್ತು ಗೀಸರಿನ ಪೈಪಿನ ಮೇಲೆ ಕಟ್ಟಿದ ಬಿಳಿ ಪೊರೆ ನೋಡಿದರೆ ಸಾಕು. ನೂರು ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿತ್ತೆಂದು ಹಿಡಿದರೂ, ಐದನೇ ಒಂದು ಭಾಗ ಪೋಲಾದ ಮೇಲೆ 56,000 ಲೀಟರ್ ನೀರು ಸಿಗುತ್ತದೆ. ಅದನ್ನು ಹಿಡಿಯುವ ಪೈಪು ಈಗಾಗಲೇ ಇದ್ದರೆ ಆ ಮನೆಗೆ ತುಸು ಹೆಚ್ಚು ಕೊಟ್ಟರೂ ತಪ್ಪಿಲ್ಲ.

ನೀರು ಇಲ್ಲದಿರುವಷ್ಟೇ ನೀರು ನುಗ್ಗುವುದೂ ಮುಖ್ಯ. 2020ರ ಅಕ್ಟೋಬರ್ ಮಳೆಯ ವಾರದಲ್ಲಿ ಆ ಓಣಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮೂಲೆಯ ಕಿರಾಣಿ ಅಂಗಡಿಯಲ್ಲಿ ಕೇಳಿ. ನಾಲೆಯ ಪಕ್ಕದ ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿದಿರುವುದೂ ಉಂಟು.

ಹಂತ 7: ಕಾಗದಪತ್ರ

ಇಷ್ಟರಲ್ಲಿ ಪಾಸಾದ ಮನೆಗೆ ಮಾತ್ರ ವಕೀಲರ ಬಳಿ ಹೋಗಬೇಕು. ಮೊದಲ ಪ್ರಶ್ನೆ ಜಮೀನಿನ ಜಾತಕದ್ದು. ಕೃಷಿಭೂಮಿ ಆಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆದೇಶ, ಅಂದರೆ ಇಲ್ಲಿಯವರು ಹೇಳುವ 'ಎನ್‌ಎ' ಇರಬೇಕು. ಅದರ ಮೇಲೆ ಬಡಾವಣೆಯ ನಕಾಶೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರಬೇಕು. ಎನ್‌ಎ ಆಗಿದೆ ಎಂದ ಮಾತ್ರಕ್ಕೆ ಬಡಾವಣೆಗೆ ಒಪ್ಪಿಗೆ ಇದೆ ಎಂದರ್ಥವಲ್ಲ. ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟುಗಳಲ್ಲಿ ಎಡವುವುದು ಇಲ್ಲಿಯೇ. ಒಪ್ಪಿಗೆಯಾದ ನಕಾಶೆಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಹೋಗಿ, ಮನೆ ನಿಂತಿರುವುದು ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಗಡಿಯ ಅನುಮಾನವಿದ್ದರೆ ಹದ್ದುಬಸ್ತು, ಅಂದರೆ ಸರ್ಕಾರಿ ಅಳತೆಯಲ್ಲಿ ಗಡಿ ಗುರುತು ಮಾಡಿಸಿ.

ಎರಡನೆಯದು ಖಾತೆ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ತೆರಿಗೆ ದಾಖಲೆ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ನಗರದಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಖಾತೆ 'ಎ' ಆಗಿದೆಯೋ 'ಬಿ' ಆಗಿದೆಯೋ ನೋಡಬೇಕು. ಅನಧಿಕೃತ ಬಡಾವಣೆಯ ಆಸ್ತಿಗೆ ಕೊಡುವ ಬಿ-ಖಾತಾ ತೆರಿಗೆ ಕಟ್ಟಲು ಅನುಕೂಲ ಮಾಡಿಕೊಡುತ್ತದೆಯೇ ಹೊರತು ಬಡಾವಣೆಯನ್ನು ಸಕ್ರಮ ಮಾಡುವುದಿಲ್ಲ. ಸಾಲ ಕೊಡಲು ಬ್ಯಾಂಕುಗಳೂ ಹಿಂದೇಟು ಹಾಕುತ್ತವೆ.

ಮೂರನೆಯದು ಒಡೆತನದ ಸರಪಳಿ, ಮತ್ತು ಇದರಲ್ಲಿ ನಮ್ಮ ಭಾಗದ ತೊಡಕೇ ಬೇರೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ; ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಒಟ್ಟು 30 ವರ್ಷದ್ದನ್ನಾದರೂ ತೆಗೆಸಬೇಕು. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲ ಇದಾದ್ದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ, ಇಸವಿ ಫಸಲಿಯಲ್ಲಿದೆ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷದ ಲೆಕ್ಕದಲ್ಲಿದೆ. ಫಸಲಿ ಇಸವಿಗೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ: 1350 ಫಸಲಿ ಎಂದರೆ 1940ರ ಸುಮಾರು. 1954-55ರ ಖಾಸ್ರಾ ಪಹಣಿಯಲ್ಲಿ (ಆ ಕಾಲದ ಮೂಲ ಜಮೀನು ದಾಖಲೆ) ಯಾರ ಹೆಸರಿತ್ತು, ಅಲ್ಲಿಂದ ಇಂದಿನ ಮಾರಾಟಗಾರರವರೆಗೆ ಹೆಸರು ಹೇಗೆ ಬಂತು ಎಂಬುದನ್ನು ವಕೀಲರು ಕೊಂಡಿ ಕೊಂಡಿಯಾಗಿ ತೋರಿಸಬೇಕು. "ಉರ್ದುದಾಗ ಅದ, ಬಿಡ್ರಿ" ಎಂದು ಒಂದು ಹಾಳೆಯನ್ನು ಬದಿಗಿಡುವ ವಕೀಲರನ್ನು ಬದಲಾಯಿಸಿ. ಅನುವಾದಕ್ಕೆ ಆಗುವ ಖರ್ಚು ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ಮೂಲ ಸರ್ವೆ ನಂಬರಿನ ಪಹಣಿಯಲ್ಲಿ 9ನೇ ಕಾಲಮ್ ಮಾಲೀಕರದ್ದು, 11ನೇ ಕಾಲಮ್ ಹಕ್ಕು ಮತ್ತು ಋಣಗಳದ್ದು. ಇನಾಂ, ವಕ್ಫ್, ಸರ್ಕಾರಿ ಎಂಬ ಯಾವ ಶಬ್ದವೂ ಹಿಂದೆಂದೂ ಅಲ್ಲಿ ಬಂದಿಲ್ಲವೆಂದು ನೋಡಿಕೊಳ್ಳಬೇಕು, ಬಂದಿದ್ದರೆ ಅದು ಯಾವ ಆದೇಶದಿಂದ ಹೋಯಿತೆಂದು ಕೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ, ನಡುವೆ ಎಷ್ಟು ಕೈ ಬದಲಾಗಿದ್ದರೂ ಸರಿ. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಒಡೆತನ ಹೇಳುವವರಿಂದ ಕೊಳ್ಳಬಾರದು. ಅದರಿಂದ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮನೆತನದ ಆಸ್ತಿಯಾದರೆ ವಂಶಾವಳಿ ತರಿಸಿ ಹೆಣ್ಣುಮಕ್ಕಳ ಹೆಸರು ಎಣಿಸಿ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ಸುಪ್ರೀಂ ಕೋರ್ಟ್ ಅದನ್ನು 2020ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದೆ. "ನಮ್ಮ ಅಕ್ಕಾರು ಏನೂ ಅನ್ನಂಗಿಲ್ಲರಿ" ಎಂಬ ಭರವಸೆಯನ್ನು ನಯವಾಗಿ ಕೇಳಿಸಿಕೊಂಡು, ಆ ಅಕ್ಕಂದಿರ ಸಹಿಯನ್ನು ಕ್ರಯಪತ್ರದ ಮೇಲೆಯೇ ಹಾಕಿಸಿಕೊಳ್ಳಬೇಕು. ಜೊತೆಗೆ ಒಂದು ಕನ್ನಡ, ಒಂದು ಉರ್ದು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವುದು ಲೇಸು.

ಫ್ಲ್ಯಾಟ್ ಆದರೆ ಕೆಲಸ ತುಸು ಹಗುರ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಣಿಸಿದ ರಚನಾ ದೋಷವನ್ನು ಕಟ್ಟಿದವರೇ ಸರಿಪಡಿಸಿಕೊಡಬೇಕು. ಎರೆಭೂಮಿಯಲ್ಲಿ ಈ ಐದು ವರ್ಷದ ಹೊಣೆಗೆ ಬಹಳ ಬೆಲೆಯಿದೆ.

ಹಂತ 8: ಸಂಚಕಾರ, ರಿಜಿಸ್ಟ್ರಿ, ಮೊದಲ ವರ್ಷ

ವಕೀಲರ ಅಭಿಪ್ರಾಯ ಬರವಣಿಗೆಯಲ್ಲಿ ಕೈಸೇರುವವರೆಗೆ ಸಂಚಕಾರ, ಅಂದರೆ ಇಲ್ಲಿಯವರು ಬಯಾನಾ ಎನ್ನುವ ಮುಂಗಡ ಹಣ ಕೊಡಬೇಡಿ. "ಇನ್ನೊಂದು ಪಾರ್ಟಿ ನಾಳಿ ಬರಾಕತ್ತಾರ" ಎಂಬ ಮಾತು ಪ್ರತಿ ಮನೆಗೂ ಇರುವಂಥದು. ಒಪ್ಪಂದಪತ್ರದಲ್ಲಿ ದಾಖಲೆ ಸರಿ ಬರದಿದ್ದರೆ ಬಯಾನಾ ಎಷ್ಟು ದಿನದೊಳಗೆ ತಿರುಗಿ ಬರಬೇಕೆಂದು ಬರೆಸಿ. ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ದಂಡವಿದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ತೆರಿಗೆಯನ್ನು ಕೊಳ್ಳುವವರೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು.

ಇಷ್ಟೆಲ್ಲ ಆದ ಮೇಲೂ ಮನಸ್ಸು ಹೊಯ್ದಾಡುತ್ತಿದ್ದರೆ ನಡುದಾರಿಯೊಂದಿದೆ: ಅದೇ ಓಣಿಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು. ಎರಡನೇ ಹಂತದ ಲೆಕ್ಕದಲ್ಲಿ ಆ ಒಂದು ವರ್ಷದಿಂದ ನಷ್ಟವೇನೂ ಕಾಣಲಿಲ್ಲ.

ರಿಜಿಸ್ಟ್ರಿಯ ನಂತರ ಖಾತೆಯನ್ನೂ ಜೆಸ್ಕಾಂ ಮೀಟರನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಒಳಗೆ ಬಂದ ಮೊದಲ ವಾರವೇ ಕಂಡ ಪ್ರತಿ ಬಿರುಕಿನ ಮೇಲೆ ಅಡ್ಡಲಾಗಿ ಒಂದೊಂದು ಚಿಕ್ಕ ಸಿಮೆಂಟ್ ತೇಪೆ ಹಾಕಿ, ಅದರ ಮೇಲೆ ಪೆನ್ಸಿಲಿನಲ್ಲಿ ದಿನಾಂಕ ಬರೆಯಿರಿ. ತೇಪೆ ಒಡೆದರೆ ಬಿರುಕು ಇನ್ನೂ ಚಲಿಸುತ್ತಿದೆ, ಒಡೆಯದಿದ್ದರೆ ಅದು ಹಳೆಯದಾಗಿ ನಿಂತಿದೆ. ಒಂದು ಬೇಸಿಗೆಯೂ ಒಂದು ಹಸ್ತ ಮಳೆಯೂ ಕಳೆಯುವವರೆಗೆ ಆ ಗೋಡೆಗಳಿಗೆ ಪುಟ್ಟಿ ಹಚ್ಚಬೇಡಿ, ಗೃಹಪ್ರವೇಶಕ್ಕೆ ಬರುವ ಬೀಗರು ಏನೇ ಅಂದುಕೊಳ್ಳಲಿ.